ಅಯಾಶಿ ಕರೆಯದ ಮುಯ್ಯಾಳು

ಅಯಾಶಿ ನನ್ನನ್ನು ಕೂಲಿಗೆ ಇಟ್ಟುಕೊಂಡದ್ದು ನಾನು ಚೆನ್ನಾಗಿ ದುಡಿಯುತ್ತೇನೆಂದಲ್ಲ, ಚೆನ್ನಾಗಿ ಬೈಸಿಕೊಳ್ಳುತ್ತೇನೆಂದು. ನನಗಿಂತ ಮೊದಲಿದ್ದವನು ಒಂದೇ ಸುಗ್ಗಿಗೆ ಓಡಿಹೋಗಿದ್ದ. ಅವನಿಗೂ ಮೊದಲಿದ್ದವನು ತಿರುಗಿ ಬೈದಿದ್ದನಂತೆ. ಅವನ ಬಗ್ಗೆ ಅಯಾಶಿಗೆ ಈಗಲೂ ಗೌರವ. ನಾನು ಓಡಲೂ ಇಲ್ಲ, ತಿರುಗಿ ಬೈಯಲೂ ಇಲ್ಲ. ಕಬ್ಬು ಬೆಳೆಯುವ ಕೆಳಗಿನ ಬಯಲಿನಿಂದ ಒಂದು ಬೇಸಿಗೆಯ ಮಟ್ಟಿಗೆ ಎಂದು ಈ ರೀಫ್ ಗುಡ್ಡ ಹತ್ತಿದವನು ಹಾಗೇ ಉಳಿದುಬಿಟ್ಟೆ. ಹೋಗುವ ಧೈರ್ಯವೂ ಇರುವ ಧೈರ್ಯವೂ ಇಲ್ಲದವನು ಎಲ್ಲಿ ಕೂತಿದ್ದಾನೋ ಅಲ್ಲೇ ಕೂತಿರುತ್ತಾನೆ. ನನ್ನ ಹೆಸರು ಬುಸಲ್ಹಾಮ್. ಅಯಾಶಿ ಆ ಹೆಸರನ್ನು ಎಂದೂ ಬಳಸಿದ್ದಿಲ್ಲ. ಸಿಟ್ಟು ಕಡಿಮೆಯಿದ್ದ ದಿನ "ಬಯಲಿನವನೇ" ಅನ್ನುತ್ತಿದ್ದ. ಉಳಿದ ದಿನಗಳ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ, ನನ್ನ ತಾಯಿ ಇನ್ನೂ ಬದುಕಿದ್ದಾಳೆ.

ಐನ್ ಬರ್ದಾ ಎಂಬ ಈ ಊರಿನಲ್ಲಿ ಒಂದೇ ಚಿಲುಮೆ. ಮೇಲೆ ದೇವದಾರು ಕಾಡು, ಕಾಡಿನ ಕೆಳಗೆ ಚಿಲುಮೆ, ಚಿಲುಮೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೀಫ್ ಹೊಲಗಳು. ಗಾಂಜಾ ಎಂದು ಕರೆದರೆ ಇಲ್ಲಿಯ ಜನರಿಗೆ ಅರ್ಥವಾಗದು. ಅಜ್ಜನ ಅಜ್ಜನಿಂದಲೂ ಅದು ಕೀಫ್. ನೀರು ಒಬ್ಬೊಬ್ಬರಿಗೆ ಒಂದೊಂದು ಸರದಿ. ಸರದಿ ಇದ್ದವನಿಗೆ ಮಾತ್ರ ಊರ ಹಿರಿಯರ ಕೂಟದಲ್ಲಿ ಜಾಗ, ಮತ್ತು ಮಾತು. ನೀರಿಲ್ಲದವನು ಮಸೀದಿಯ ಗೋಡೆಗೆ ಒರಗಿ ಕೇಳಬಹುದು, ಬಾಯಿ ತೆರೆಯುವ ಹಾಗಿಲ್ಲ. ಅಯಾಶಿಗೆ ಆ ಸರದಿಯ ಬೆಲೆ ಎಷ್ಟೆಂದು ಅವನನ್ನು ಬಲ್ಲವರಿಗೆಲ್ಲ ಗೊತ್ತು. ಹೊಲಕ್ಕೆ ನೀರು ಬೇಕು, ಸರಿ. ಆದರೆ ಪ್ರತಿ ಶುಕ್ರವಾರ ನಮಾಜಿನ ನಂತರ ಊರಿನ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬೈಯುವ ಹಕ್ಕು ಅವನಿಗೆ ಆ ನೀರಿನಿಂದಲೇ ಬಂದದ್ದು.

ಪ್ರಾಯದಲ್ಲಿ ಒಮ್ಮೆ ಅವನು ತಂಜೇರಿನ ಬಂದರಿಗೆ ಮೂಟೆ ಹೊರಲು ಹೋಗಿದ್ದನಂತೆ. ಚಳಿಗಾಲ ಮುಗಿಯುವ ಮೊದಲೇ ಮರಳಿದ. ಅಲ್ಲಿ ಯಾರಿಗೂ ನಿಂತು ಬೈಸಿಕೊಳ್ಳುವ ಪುರಸೊತ್ತಿರಲಿಲ್ಲ ಎಂದು ಅವನ ಹೆಂಡತಿ ಯಮ್ನಾ ಹೇಳುತ್ತಾಳೆ. ಊರಿಗೆ ಬಂದು ಕಲ್ಲು ಹೊತ್ತ, ಮೆಟ್ಟಿಲು ಕಟ್ಟಿದ, ಹೆಣ್ಣುಮಕ್ಕಳನ್ನು ಬೇರೆ ಬೇರೆ ಕಣಿವೆಗಳಿಗೆ ಮದುವೆ ಮಾಡಿ ಕಳಿಸಿದ, ಅಳಿಯಂದಿರೊಂದಿಗೆಲ್ಲ ಜಗಳವಾಡಿದ. ಇವಿಷ್ಟು ನನಗೆ ಕೇಳಿ ಗೊತ್ತು. ಕಣ್ಣಾರೆ ಕಂಡದ್ದೆಂದರೆ ತಮ್ಮ ಮುಫದ್ದಲ್ ಜೊತೆಗಿನ ಹಗೆ.

ಆ ಹಗೆಯ ಮೂಲ ಒಂದು ಬಾಗಿಲು. ಅಪ್ಪ ತೀರಿಕೊಂಡ ಮೇಲೆ ಮೇಲಿನ ಹೊಲ ದೊಡ್ಡವನಿಗೆ, ಹಳೆಯ ಮನೆ ಮತ್ತು ಕೆಳಗಿನ ಹೊಲ ಚಿಕ್ಕವನಿಗೆ ಎಂದಾಯಿತು. ಮುಫದ್ದಲ್ ಅಪ್ಪನ ಕಾಲದ ಮರದ ಬಾಗಿಲು ಕಿತ್ತು ಒಲೆಗೆ ಹಾಕಿ ಕಬ್ಬಿಣದ್ದು ಕೂರಿಸಿದ. ಅಪ್ಪನ ಕೈ ತಗಲಿದ ಮರವನ್ನು ರೊಟ್ಟಿ ಸುಡಲು ಉರಿಸಿದವನು ಎಂದು ಅಯಾಶಿ ಆ ದಿನ ಮಾತು ಬಿಟ್ಟ. ಬಿಟ್ಟ ಎನ್ನುವುದು ಸರಿಯಲ್ಲ, ಮಾತಿನ ದಾರಿ ಬದಲಾಯಿಸಿದ. ಎರಡು ಹೊಲಗಳ ನಡುವೆ ಒಂದು ಮೊಳಕಾಲೆತ್ತರದ ಗೋಡೆ. ಅಯಾಶಿ ಈ ಕಡೆ ನಿಂತು ನನಗೆ ಹೇಳುತ್ತಿದ್ದ, ಮುಫದ್ದಲ್ ಆ ಕಡೆ ನಿಂತು ತನ್ನ ಹೇಸರಗತ್ತೆಗೆ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ನಾನು ಮತ್ತು ಆ ಹೇಸರಗತ್ತೆ ಒಂದೇ ಕೆಲಸ ಮಾಡುತ್ತಿದ್ದೆವು; ಅದಕ್ಕೆ ಹುಲ್ಲು ನನಗಿಂತ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

ತಮಾಷೆಯೆಂದರೆ ಇಬ್ಬರ ಹೆಂಡಿರೂ ಅಕ್ಕತಂಗಿಯರು. ಯಮ್ನಾ ದೊಡ್ಡವಳು, ಮುಫದ್ದಲ್‌ನ ಹೆಂಡತಿ ಶಾಮಾ ಚಿಕ್ಕವಳು. ಗಂಡಂದಿರು ಕಾಣಿಸದ ಹೊತ್ತಿಗೆ ಅದೇ ಗೋಡೆಯ ಮೇಲೆ ಕೂತು ಇಬ್ಬರೂ ಹರಟುತ್ತಿದ್ದರು. ಗಂಡಂದಿರು ಕಾಣಿಸಿಕೊಂಡರೆ ಆಗಷ್ಟೇ ಜಗಳ ಮುಗಿಸಿದವರಂತೆ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಿದ್ದರು.

ಈಗ ಆ ಹೈಬ್ರಿಡ್ ವಿಷಯ. ನಮ್ಮ ನಾಟಿ ಕೀಫ್ ಬಡಪಾಯಿ ಗಿಡ. ಮೊಣಕಾಲೆತ್ತರ ಬೆಳೆಯುತ್ತದೆ, ಚಳಿಗಾಲದ ಮಳೆಯನ್ನೇ ಕುಡಿದುಕೊಂಡು ಬದುಕುತ್ತದೆ. ಆಗಸ್ಟಿನ ಬಿಸಿಲಲ್ಲಿ ಕೊಯ್ದು ಮನೆಯ ಚಪ್ಪಟೆ ಮಾಳಿಗೆಯ ಮೇಲೆ ಹರಡಿದರೆ ತಾನೇ ಒಣಗುತ್ತದೆ. ಹೈಬ್ರಿಡ್ ಹಾಗಲ್ಲ, ಅದು ಶ್ರೀಮಂತರ ಮನೆಯ ಸೊಸೆ. ಆಳೆತ್ತರ ಬೆಳೆಯುತ್ತದೆ, ದಿನಾ ನೀರು ಕೇಳುತ್ತದೆ, ಎಲ್ಲರ ಸುಗ್ಗಿ ಮುಗಿದ ಮೇಲೂ ಹೊಲದಲ್ಲೇ ನಿಂತು ಅಕ್ಟೋಬರಿಗೆ ಹಣ್ಣಾಗುತ್ತದೆ. ಹೊತ್ತಿಗೆ ಸರಿಯಾಗಿ ಅಕ್ಟೋಬರಿನಲ್ಲಿ ಕಾಡಿನಿಂದ ಮಂಜು ಇಳಿಯುತ್ತದೆ. ಅದರ ತೆನೆ ದಪ್ಪ. ಮಂಜು ಅದರ ಹೊಟ್ಟೆಯೊಳಗೆ ಹೊಕ್ಕರೆ ಹೊರಗಿನಿಂದ ನೋಡುವವರಿಗೆ ಏನೂ ಕಾಣಿಸುವುದಿಲ್ಲ. ಒಳಗಿಂದ ಬೂದಿಯಾಗುತ್ತಾ ಹೋಗುತ್ತದೆ.

ಊರಿನಲ್ಲಿ ಯಾರೂ ಅದನ್ನು ಹಾಕಿರಲಿಲ್ಲ. ಅಯಾಶಿ ಹಾಕಿದ್ದು ಯಾರೂ ಹಾಕಿರಲಿಲ್ಲವೆಂದೇ. ಪರವಾನಗಿ ಪಡೆದ ಬೆಳೆಗಾರರ ಸಂಘಕ್ಕೆ ಬೀಜ ತಂದುಕೊಟ್ಟವನು ಇದರ ತೆನೆಗೆ ಮಾವಿನ ಹಣ್ಣಿನ ವಾಸನೆ ಎಂದಿದ್ದ. ಈ ಗುಡ್ಡದಲ್ಲಿ ಮಾವಿನ ಹಣ್ಣು ನೋಡಿದವರಿಲ್ಲ. ಅಂಗಡಿಯ ರಸದ ಪೆಟ್ಟಿಗೆಯ ಮೇಲಿನ ಹಳದಿ ಚಿತ್ರ ನೋಡಿದ್ದಷ್ಟೇ. ಮುಫದ್ದಲ್ ಆ ಸಂಜೆ ತನ್ನ ಹೇಸರಗತ್ತೆಗೆ ಹೇಳಿದ: "ಕೇಳಿದೆಯಾ ಮಗಳೇ, ಕೆಲವರು ಈ ಸಲ ಮಾವು ಬೆಳೀತಾರಂತೆ. ನಾಳೆಯಿಂದ ನಿನಗೂ ಹುಲ್ಲು ಬಂದ್. ಬಾಳೆಹಣ್ಣು ಹಾಕ್ತೀನಿ."

ಅಕ್ಟೋಬರಿನವರೆಗೆ ನೀರು ಬೇಕೆಂದರೆ ಅಯಾಶಿಯ ಒಂದು ಸರದಿ ಸಾಲದು. ವಸಂತದ ಕೂಟದಲ್ಲಿ ಅವನು ತಮ್ಮನ ಬೇಸಿಗೆಯ ಸರದಿಯನ್ನೂ ಕೇಳಿದ. ಕೇಳಿದ ರೀತಿ ಹೇಗಿತ್ತೆಂದರೆ, ಈರುಳ್ಳಿಗೆ ನೀರು ಕಟ್ಟಲು ಬಾರದವರ ಕೈಯಲ್ಲಿ ನೀರಿದ್ದರೆ ಅದು ದೇವರಿಗೂ ನಷ್ಟ ಎಂದು. ಕೂಟದ ಹಿರಿಯ ಹಾಜಿ ಅಹ್ಮಿದು ಆಗುವುದಿಲ್ಲ ಎನ್ನುವಷ್ಟರಲ್ಲಿ ಮುಫದ್ದಲ್ ಮಸೀದಿಯ ಕಂಬದ ಕಡೆ ಮುಖ ಮಾಡಿ ಮಾತಾಡಿದ. ನನ್ನ ಬೇಸಿಗೆಯ ನೀರು ಕೊಡುತ್ತೇನೆ, ಆದರೆ ಬೆಳೆ ಒಣಗಿ ಒಳಗೆ ಬರದೇ ಹೋದರೆ ಅವನ ಸರದಿ ಎಂದೆಂದಿಗೂ ನನ್ನದಾಗಬೇಕು ಎಂದ. ಅಯಾಶಿಯೂ ಅದೇ ಕಂಬಕ್ಕೆ, ಹಾಗೇ ಆಗಲಿ ಎಂದ. ಎಲ್ಲರೂ ಕೈಯೆತ್ತಿ ಫಾತಿಹಾ ಓದಿದರು. ಕೈಯೆತ್ತಿ ಓದಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇಲ್ಲ. ಯಮ್ನಾ ಸುದ್ದಿ ಕೇಳಿ ಹಿಟ್ಟು ನಾದುತ್ತಿದ್ದ ಕೈಯಲ್ಲೇ ಹಣೆ ಚಚ್ಚಿಕೊಂಡಳು.

ಬೇಸಿಗೆಯೆಲ್ಲ ಆ ಗಿಡಗಳು ನನ್ನನ್ನು ಗೋಳು ಹೊಯ್ದುಕೊಂಡವು. ನೀರು ಕಟ್ಟು, ಗೂಟ ನೆಡು, ಕಟ್ಟು, ಮತ್ತೆ ಕಟ್ಟು. ಊರಿನವರು ನಾಟಿ ಕೀಫ್ ಕೊಯ್ದು ಒಣಗಿಸಿ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ನಾನು ಆಳೆತ್ತರದ ಗಿಡಗಳ ನಡುವೆ ಬಗ್ಗಿ ಒಣಗಿದ ಎಲೆ ಆರಿಸುತ್ತಿದ್ದೆ. ಸೆಪ್ಟೆಂಬರಿನಲ್ಲಿ ವಾಸನೆ ಶುರುವಾಯಿತು. ಅದು ಮಾವೋ ಅಲ್ಲವೋ ನನಗೆ ಗೊತ್ತಿಲ್ಲ. ಸಂತೆಯ ಕೊನೆಯಲ್ಲಿ ಉಳಿದ, ಒಡೆದ ಕರಬೂಜದ ಹಾಗೆ, ಸಿಹಿಯೂ ಸ್ವಲ್ಪ ನಾಚಿಕೆಗೇಡಿಯೂ ಆದ ವಾಸನೆ. ಗಾಳಿ ಬಂದಾಗ ಕೆಳಗಿನ ಮಸೀದಿಯ ಅಂಗಳದವರೆಗೂ ಹೋಗುತ್ತಿತ್ತು. ಹಾಜಿ ಅಹ್ಮಿದು ನಮಾಜಿನ ನಡುವೆ ಮೂಗು ಮುಚ್ಚಿಕೊಂಡರು ಎಂದು ಯಾರೋ ಹೇಳಿದರು. ತೆರೆದುಕೊಂಡರು ಎಂದು ಅಯಾಶಿ ತಿದ್ದಿದ.

ಹಣ್ಣಾಗಲು ಇನ್ನೂ ಒಂದು ವಾರ ಬೇಕು ಎನ್ನುವಾಗ ಮಂಜು ಇಳಿಯಿತು.

ಬೆಳಿಗ್ಗೆ ಎದ್ದರೆ ಗೋಡೆ ಕಾಣುವುದಿಲ್ಲ, ಗೋಡೆಯಾಚೆಯ ಹೇಸರಗತ್ತೆ ಕಾಣುವುದಿಲ್ಲ, ಬೈಯುವವನು ಕಾಣುವುದಿಲ್ಲ, ಬೈಗುಳ ಮಾತ್ರ ಬರುತ್ತದೆ. ಒದ್ದೆ ಅಂಗಿ ಮೈಮೇಲೇ ಒಣಗುವುದಿಲ್ಲ, ಮೈಮೇಲೇ ಹಳತಾಗುತ್ತದೆ. ಎರಡನೆಯ ಬೆಳಿಗ್ಗೆ ಒಂದು ತೆನೆಯ ಎಲೆ ಬಾಡಿದ್ದು ನೋಡಿ ಬೆರಳಿಂದ ಬಿಡಿಸಿದೆ. ಒಳಗೆ ಬೂದು ಧೂಳು. ನನಗೆ ಮೊದಲು ಬಂದ ಯೋಚನೆ ತೆನೆಯದ್ದಲ್ಲ, ಇದನ್ನು ಹೇಳುವವನು ನಾನಾಗಬೇಕಲ್ಲ ಎಂಬುದು. ಮಧ್ಯಾಹ್ನದವರೆಗೆ ಬಚ್ಚಿಟ್ಟುಕೊಂಡು ಬಿಸಾರ ಉಣ್ಣುವಾಗ ಹೇಳಿದೆ, ಬಾಯಿ ತುಂಬಿದ್ದರೆ ಬೈಗುಳ ಕಡಿಮೆಯಾಗಬಹುದೆಂದು. ಅವರೆಕಾಳಿನ ಸಾರು ಬಾಯಿ ತುಂಬ ಇದ್ದೂ ಅವನು ಸ್ಪಷ್ಟವಾಗಿಯೇ ಬೈದ. ನನ್ನ ಬಾಯಿಯ ಗಾಳಿ ತಗಲಿ ಕೊಳೆಯಿತಂತೆ.

ಆದರೂ ಎದ್ದು ಹೋಗಿ ನೋಡಿದ. ಒಂದೊಂದೇ ಗಿಡ ಬಿಡಿಸಿ ನೋಡಿದ. ಬಂದವನು ಹೇಳಿದ್ದು ಇಷ್ಟೇ, ಎಲ್ಲವನ್ನೂ ಈಗಲೇ ಕೊಯ್ಯಬೇಕು, ಬೆಂಕಿ ಹಾಕಿದ ಒಣ ಕೋಣೆಯಲ್ಲಿ ತೂಗುಹಾಕಬೇಕು.

ಮೂರು ಜನರಿಂದ ಆಗುವ ಕೆಲಸವಲ್ಲ. ಊರಿನಲ್ಲಿ ಇಂಥದಕ್ಕೆಂದೇ ತ್ವೀಜ ಇದೆ, ಮುಯ್ಯಾಳಿನ ಪದ್ಧತಿ. ಹೊಲದವನು ಬಾಗಿಲಿಗೆ ಹೋಗಿ ಕರೆಯಬೇಕು. ಕರೆದ ಮೇಲೆ ಬರುವುದಿಲ್ಲ ಎನ್ನುವ ಹಾಗಿಲ್ಲ, ಹೆಣ ಬಿದ್ದ ಮನೆಯಿಂದಲೂ ಒಬ್ಬ ಬರುತ್ತಾನೆ. ಒಂದು ಬಾಗಿಲು ಬಿಟ್ಟು ಉಳಿದವನ್ನು ಕರೆದರೆ ಯಾರೂ ಕದಲುವುದಿಲ್ಲ. ಒಂದು ಮನೆಗೆ ಮಾಡಿದ ಅವಮಾನ ಎಲ್ಲ ಮನೆಗೂ. ಅಯಾಶಿ ಜೀವಮಾನದಲ್ಲಿ ಒಂದು ಕರೆಗೂ ತಪ್ಪಿಸಿಕೊಂಡವನಲ್ಲ. ಎಲ್ಲರಿಗಿಂತ ಮೊದಲು ಹೋಗುತ್ತಿದ್ದ, ಎಲ್ಲರಿಗಿಂತ ಹೆಚ್ಚು ಕೊಯ್ಯುತ್ತಿದ್ದ, ಕೊಯ್ಯುತ್ತಲೇ ಹೊಲದವನ ಏಳು ತಲೆಮಾರನ್ನು ಬೈಯುತ್ತಿದ್ದ. ಈಗ ಅವನು ಒಂದು ಸುತ್ತು ಹೊರಟರೆ ಸಾಕು, ಊರೇ ಬರುತ್ತಿತ್ತು. ಆದರೆ ಆ ಸುತ್ತಿನಲ್ಲಿ ಒಂದು ಬಾಗಿಲು ಕಬ್ಬಿಣದ್ದು.

ಅದೇ ಬಾಗಿಲಿನ ಹಿಂದೆ ಊರಿನ ಅತ್ಯಂತ ಒಣ ಕೋಣೆಯೂ ಇತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ನಡುವೆ ಒಲೆ, ಮೇಲೆ ದೇವದಾರಿನ ತೊಲೆಗಳು. ಅಯಾಶಿ ಕಟ್ಟಿಸಿದ ಸಿಮೆಂಟಿನ ಮನೆಯಲ್ಲಿ ಮಂಜಿನ ಕಾಲಕ್ಕೆ ಗೋಡೆಯೇ ಬೆವರುತ್ತಿತ್ತು.

ಮುಫದ್ದಲ್ ಲೆಕ್ಕ ಹಾಕಿದ್ದ. ಅಣ್ಣ ಕರೆದರೆ ಹೋಗಲೇಬೇಕು, ಹೋದರೆ ತನಗೆ ಬರಬೇಕಾದ ನೀರನ್ನು ತಾನೇ ಕೈಯಾರೆ ಉಳಿಸಿಕೊಡಬೇಕು. ಆದ್ದರಿಂದ ಮಂಜು ಇಳಿದ ದಿನದಿಂದ ಬೆಳಗಾಗುವ ಮೊದಲೇ ಆಡುಗಳನ್ನು ಹೊಡೆದುಕೊಂಡು ಕಾಡು ಸೇರುತ್ತಿದ್ದ. ಇತ್ತ ಅಯಾಶಿ ಕರೆಯಲು ಹೊರಡುವವನೇ ಅಲ್ಲ. ಒಬ್ಬ ಕರೆಯುವುದಿಲ್ಲ, ಒಬ್ಬ ಸಿಗುವುದಿಲ್ಲ. ಇಷ್ಟೊಂದು ಹೊಂದಾಣಿಕೆ ಆ ಅಣ್ಣತಮ್ಮಂದಿರಲ್ಲಿ ನಾನು ಬೇರೆ ಯಾವಾಗಲೂ ನೋಡಿಲ್ಲ.

ನಾವು ಮೂವರೇ ಕೊಯ್ಯತೊಡಗಿದೆವು. ಸಂಜೆಗೆ ಒಂದು ಮೂಲೆಯೂ ಮುಗಿದಿರಲಿಲ್ಲ. ಯಮ್ನಾ ಒಮ್ಮೆ ಹೇಳಿದಳು, ಕರೆದು ಬಾ ಎಂದು. ಅವನು ಕುಡುಗೋಲು ನಿಲ್ಲಿಸದೆ, ನಾಳೆ ಸಂತೆಗೆ ಹೋಗಿ ಪ್ಲಾಸ್ಟಿಕ್ ಹೊದಿಕೆ ತರುತ್ತೇನೆ, ಮಾಳಿಗೆಯ ಮೇಲೆ ಹರಡಿ ಮುಚ್ಚಿದರಾಯಿತು, ನಮ್ಮಪ್ಪ ಒಣಗಿಸಿದ್ದೂ ಮಾಳಿಗೆಯ ಮೇಲೆಯೇ ಎಂದ. ಅಪ್ಪ ಒಣಗಿಸಿದ್ದು ಆಗಸ್ಟಿನಲ್ಲಿ, ನಾಟಿ ಗಿಡ. ಅದನ್ನು ನಾನು ಹೇಳಬಹುದಿತ್ತು. ಎಲೆ ಆರಿಸುತ್ತಾ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರು ಈ ಗುಡ್ಡದಲ್ಲಿಲ್ಲ.

ಮರುದಿನ ಗುರುವಾರದ ಸಂತೆ. ಅಯಾಶಿ ಬಾಡಿಗೆಯ ಹೇಸರಗತ್ತೆ ಹತ್ತಿ ಹೋದ. ಅವನ ಬೆನ್ನು ಮಂಜಿನಲ್ಲಿ ಕರಗಿದ್ದೇ ತಡ, ಯಮ್ನಾ ಕುಡುಗೋಲು ನೆಲಕ್ಕೆ ಹಾಕಿ, ಸೊಂಟದ ಕೆಂಪು ಪಟ್ಟೆ ಬಟ್ಟೆ ಬಿಗಿದುಕೊಂಡು ಹೊರಟಳು. ನನ್ನನ್ನೂ ಜೊತೆಗೆ ಕರೆದಳು, ಸಾಕ್ಷಿಗೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು, ನಮ್ಮ ಹೊಲಕ್ಕೆ ಮುಯ್ಯಾಳು ಬೇಕು. ಹೆಂಗಸರು ಒಲೆ ಬಿಟ್ಟು ಎದ್ದರು, ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ಎದ್ದರು. ಕೊನೆಯದು ಕಬ್ಬಿಣದ ಬಾಗಿಲು.

ಅಣ್ಣ ಸಂತೆಗೆ ಹೋದ ಸುದ್ದಿ ಕೇಳಿ ಮುಫದ್ದಲ್ ಅಂದು ಕಾಡಿಗೆ ಹೋಗದೆ ನಿಶ್ಚಿಂತೆಯಿಂದ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ. ನಮ್ಮನ್ನು ನೋಡಿದವನು ಕಾಲು ಮಡಚಿದ.

"ಮುಯ್ಯಾಳಿಗೆ ಕರೆಯೋಕೆ ಬಂದಿದೀನಿ, ಮೈದುನ," ಎಂದಳು ಯಮ್ನಾ.

"ಕರೀಬೇಕಾದ್ದು ಹೊಲದವನು ಅತ್ತಿಗೆ. ಹೆಂಗಸಿನ ಕರೆ ಲೆಕ್ಕಕ್ಕೆ ಬರ್ತದಾ?"

ಮೂಲೆಯಲ್ಲಿ ಬಾರ್ಲಿ ಕೇರುತ್ತಿದ್ದ ಶಾಮಾ ತಲೆಯೆತ್ತಲಿಲ್ಲ. "ಊಟಕ್ಕೆ ಬಾ ಅಂತ ದಿನಾ ನಿನ್ನ ಕರೆಯೋದು ಹೆಂಗಸೇ. ಅದು ಲೆಕ್ಕಕ್ಕೆ ಬರ್ತದಲ್ಲ," ಎಂದಳು.

ಮುಫದ್ದಲ್ ಕುಡುಗೋಲು ಹುಡುಕತೊಡಗಿದ. ಅದು ಗೋಡೆಯ ಮೊಳೆಯಲ್ಲೇ ಇತ್ತು. ಅದು ಕಾಣಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಅಂದು ಊರೆಲ್ಲ ನಮ್ಮ ಹೊಲದಲ್ಲಿತ್ತು. ಹಾಡು ಇರಲಿಲ್ಲ. ಸಾಮಾನ್ಯವಾಗಿ ಮುಯ್ಯಾಳೆಂದರೆ ಹೆಂಗಸರು ಹಾಡುತ್ತಾರೆ. ಅಂದು ಎಲ್ಲರ ಕಿವಿಯೂ ಸಂತೆಯ ದಾರಿಯ ಕಡೆಗಿತ್ತು. ಕೊಯ್ದರು, ಕೊಳೆತದ್ದನ್ನು ಬೇರೆ ಮಾಡಿದರು, ಹೊರೆ ಕಟ್ಟಿ ಹೊತ್ತು ಹಳೆಯ ಮನೆಯ ತೊಲೆಗಳಿಗೆ ತಲೆಕೆಳಗಾಗಿ ತೂಗುಹಾಕಿದರು. ಮುಫದ್ದಲ್ ಎಲ್ಲರಿಗಿಂತ ಹೆಚ್ಚು ಬೈಯುತ್ತಾ ಎಲ್ಲರಿಗಿಂತ ಚೊಕ್ಕವಾಗಿ ಕೆಲಸ ಮಾಡಿದ. ಒಂದು ಕೊಳೆತ ತೆನೆಯೂ ಒಳ್ಳೆಯದರ ಜೊತೆ ಹೋಗದಂತೆ ಒಂದೊಂದನ್ನೂ ಬಿಡಿಸಿ ನೋಡಿದ. ಇಂಥ ದರಿದ್ರ ಗಿಡ ಬೆಳೆಯುವವನ ತಲೆಯಲ್ಲಿ ಏನಿರಬೇಕು ಎಂದು ಪ್ರತಿ ಹೊರೆಗೂ ಒಮ್ಮೆ ಕೇಳಿದ. ಕೈ ಮಾತ್ರ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿತ್ತು. ನಡುಹಗಲಿಗೆ ಶಾಮಾ ಒಲೆ ಹೊತ್ತಿಸಿದಳು. ಬೆಚ್ಚಗಾದ ಕೋಣೆಯಲ್ಲಿ ಆ ಕರಬೂಜದ ವಾಸನೆ ಎದ್ದು ಹೊಗೆಯ ಜೊತೆ ಸೇರಿ ಬಾಗಿಲಾಚೆಗೂ ಹರಿಯಿತು. ಯಾರೋ ಒಬ್ಬ, ಮುಗೀತು, ನೀರು ಅಯಾಶಿಗೇ ಎಂದ. ಮುಫದ್ದಲ್ ಕೇಳದವನಂತೆ ಇನ್ನೊಂದು ಕಟ್ಟಿಗೆ ಒಲೆಗೆ ತಳ್ಳಿದ.

ಸಂಜೆಯಾಗುವ ಹೊತ್ತಿಗೆ ಅಯಾಶಿ ಪ್ಲಾಸ್ಟಿಕ್ ಸುರುಳಿ ಹೇರಿಕೊಂಡು ಬಂದ. ಬೋಳು ಹೊಲ ನೋಡಿದ. ಮೊದಲು ಕಳ್ಳತನವಾಯಿತೆಂದು ತಿಳಿದ. ನಾನು ಹೇಳಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ, ಬೈಗುಳ ಬರಲಿಲ್ಲ. ಅವನು ಕೆಳಗಿಳಿದು ಹೋಗುತ್ತಿದ್ದ. ಹಿಂದೆ ಓಡಿದೆ.

ಕಬ್ಬಿಣದ ಬಾಗಿಲು ತೆರೆದೇ ಇತ್ತು. ಅವನು ಅದನ್ನು ಮುಟ್ಟದೆ, ಪಕ್ಕಕ್ಕೆ ವಾಲಿ, ಒಳಗೆ ಹೋದ. ಹುಟ್ಟಿದ ಮನೆಯ ತೊಲೆಗಳ ಕೆಳಗೆ ತನ್ನ ಗಿಡಗಳ ನಡುವೆ ನಿಂತ. ಮುಫದ್ದಲ್ ಒಲೆಯ ಬಳಿಯಿಂದ ಎದ್ದ. ಹೇಸರಗತ್ತೆ ಹೊರಗಿತ್ತು, ನಾನು ಬಾಗಿಲಲ್ಲಿದ್ದೆ. ಇಬ್ಬರೂ ನಮ್ಮಿಬ್ಬರನ್ನೂ ಬಿಟ್ಟು ಒಬ್ಬರನ್ನೊಬ್ಬರು ನೋಡಿದರು.

"ಯಾರು ಕರೆದರು ನಿನ್ನ?"

"ನಾನು," ಎಂದಳು ಯಮ್ನಾ.

"ನಿನ್ನ ಕೇಳಲಿಲ್ಲ."

"ನಿನ್ನ ಹೆಂಡತಿ ಕರೆದಳು, ಬಂದೆ," ಎಂದ ಮುಫದ್ದಲ್. "ಕರೀಬೇಕಾದವನು ಬಾಯಿ ಹೊಲ್ಕೊಂಡು ಕೂತಿದ್ದ."

"ನಾನು ಕೂತಿದ್ದೆ. ಆಡಿನ ಹಿಂದೆ ಅಡಗಿರಲಿಲ್ಲ."

"ಅಡಗಿದ್ದೆ. ನೀನು ಹಾಳಾಗಲಿ ಅಂತಲೇ ಅಡಗಿದ್ದೆ. ಈಗ ನೋಡು, ನಾನೇ ತೂಗುಹಾಕಿದೀನಿ. ಒಂದು ವಾರ ಇಲ್ಲಿರಲಿ, ಒಣಗ್ತದೆ. ನಿನ್ನ ನೀರು ನಿನಗೇ. ಕಳ್ಕೊಂಡವನು ನಾನು. ಇನ್ನೇನು ಬೇಕು ನಿನಗೆ?"

ಅಯಾಶಿ ಮೆಲ್ಲಗೆ ಉತ್ತರಿಸಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇದೇ ಬೇಡ. ನೀನು ಬಿಟ್ಟುಕೊಟ್ಟ ನೀರು ನನ್ನ ಹೊಲಕ್ಕೆ ಹರೀಬೇಕು. ನಾನು ಕೂಟದಲ್ಲಿ ಬಾಯಿ ತೆಗೆದಾಗೆಲ್ಲ ಊರಿನವರು, ಪಾಪ, ತಮ್ಮ ಉಳಿಸಿದ ಬಾಯಿ ಅನ್ನಬೇಕು. ಅದಕ್ಕಿಂತ ಇದೆಲ್ಲ ಬೂದಿಯಾಗಲಿ."

ಕೈ ಚಾಚಿ ಮೊದಲ ತೊಲೆಯ ಗಿಡಗಳನ್ನು ಇಳಿಸತೊಡಗಿದ. ಮುಫದ್ದಲ್ ಅಡ್ಡ ಬರಲಿಲ್ಲ. ಬರುತ್ತಿದ್ದನೋ ಏನೋ, ಶಾಮಾ ಅವನ ತೋಳು ಹಿಡಿದಿದ್ದಳು. ಅಯಾಶಿ ತೋಳು ತುಂಬ ಹೊತ್ತು ಮಂಜಿಗೆ ಹೋದ, ತನ್ನ ಮಾಳಿಗೆಯ ಮೇಲೆ ಹಾಕಿ ಬಂದ, ಮತ್ತೆ ಹೊತ್ತ. ಊರಿನವರು ಅಂಗಳದಲ್ಲಿ ನಿಂತು ನೋಡಿದರು. ತಾವು ಹಗಲೆಲ್ಲ ಹೊತ್ತು ತಂದದ್ದನ್ನು ಒಬ್ಬ ಹೊತ್ತುಕೊಂಡು ಹೋಗುತ್ತಿದ್ದ. ಯಾರೂ ಕೈ ಹಚ್ಚಲಿಲ್ಲ. ನನ್ನ ಹೊರತು. "ಹೊರು" ಎಂದ, ಹೊತ್ತೆ. ಬೆಳಿಗ್ಗೆ ಯಮ್ನಾ ಹೇಳಿದಳೆಂದು ತೂಗುಹಾಕಿದ ಕೈ, ಸಂಜೆ ಇವನು ಹೇಳಿದನೆಂದು ಇಳಿಸಿತು. ಕೂಲಿಯವನ ಕೈಗೆ ಅಭಿಪ್ರಾಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಳದಲ್ಲಿ ಒಬ್ಬ ಮುದುಕ ನಾನು ಹಾದುಹೋಗುವಾಗ ನನ್ನ ನೆರಳಿನ ಮೇಲೆ ಉಗಿದ. ಮಂಜಿನಲ್ಲಿ ನೆರಳಿರಲಿಲ್ಲ, ಆದ್ದರಿಂದ ಚಪ್ಪಲಿಯ ಮೇಲೆ ಬಿತ್ತು.

ಒಳಗಿನ ಕೊನೆಯ ತೊಲೆಯ ಕೆಳಗೆ ಯಮ್ನಾ ಕಾಲು ಮಡಚಿ ಕೂತುಬಿಟ್ಟಿದ್ದಳು. ಅವನು ಬಂದು ನಿಂತ. ಏಳು ಎಂದ.

"ಇಷ್ಟು ನನ್ನದು," ಎಂದಳು. "ನಾನು ಬಾಗಿಲು ಬಾಗಿಲಿಗೆ ಹೋಗಿ ತಂದದ್ದು. ಮುಟ್ಟಿದರೆ ಇವತ್ತಿನಿಂದ ನಾನು ತಂಗಿ ಮನೆಯವಳು."

ಅವನು ಆ ತೊಲೆಯನ್ನು ಬಿಟ್ಟು ಹೋದ.

ಮಾಳಿಗೆಯ ಮೇಲೆ ಅಪ್ಪ ಹರಡುತ್ತಿದ್ದ ಹಾಗೆಯೇ ಹರಡಿ, ಹೊಸ ಪ್ಲಾಸ್ಟಿಕ್ ಎಳೆದು, ಅಂಚಿಗೆ ಕಲ್ಲು ಹೇರಿದ. ಮಂಜು ಆ ವಾರವೆಲ್ಲ ಕದಲಲಿಲ್ಲ. ಹೊದಿಕೆಯ ಒಳಮೈಯಿಂದ ಹನಿ ಇಳಿದು ತೆನೆಗಳ ಮೇಲೆ ಬೀಳುವುದು ಕೆಳಗಿನ ಕೋಣೆಗೆ ಕೇಳಿಸುತ್ತಿತ್ತು. ದಿನಾ ಹತ್ತಿ ನೋಡುತ್ತಿದ್ದ, ದಿನಾ ಇಳಿದು ಬಂದು ಚಹಾ ತಣ್ಣಗಿದೆ ಎಂದು ನನ್ನನ್ನು ಬೈಯುತ್ತಿದ್ದ. ಕರಬೂಜದ ವಾಸನೆ ಮೊದಲು ಹುಳಿಯಾಯಿತು, ಆಮೇಲೆ ಹಸಿ ಆಡಿನ ಚರ್ಮದ ವಾಸನೆಯಾಯಿತು. ಯಮ್ನಾ ಅವನಿಗೆ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ಮುಂದಿನ ವಾರದ ಶುಕ್ರವಾರ ಕೂಟ ಸೇರಿತು. ಮಾಳಿಗೆಯ ಮೇಲಿನದ್ದು ಕೊಳೆತದ್ದನ್ನು ಯಾರೂ ಹೋಗಿ ನೋಡಬೇಕಿರಲಿಲ್ಲ, ಗಾಳಿಯೇ ಬಂದು ಹೇಳುತ್ತಿತ್ತು. ಆದರೆ ಹಾಜಿ ಅಹ್ಮಿದು ಮೊದಲೇ ಶಾಮಾಳಿಂದ ಯಮ್ನಾಳ ತೊಲೆಯ ಒಂದು ಕೊಂಬೆ ತರಿಸಿಟ್ಟುಕೊಂಡಿದ್ದರು. ಗರಿಗರಿ ಒಣಗಿತ್ತು. ಅವರು ಅದನ್ನು ಬೆರಳಲ್ಲಿ ತಿಕ್ಕಿ ಮೂಸಿದರು, ಕಣ್ಣು ಮುಚ್ಚಿದರು, ಪಕ್ಕದವನಿಗೆ ಕೊಟ್ಟರು. ಕೊಂಬೆ ಒಂದು ಸುತ್ತು ಬಂತು. ಮುಫದ್ದಲ್ ಮೂಸದೆ ಮುಂದಕ್ಕೆ ದಾಟಿಸಿದ.

"ಬೆಳೆ ಒಣಗಿ ಒಳಗೆ ಬರಬೇಕು ಅಂತ ಮಾತಾಗಿತ್ತು," ಎಂದರು ಹಾಜಿ. "ಎಷ್ಟು ಬರಬೇಕು ಅಂತ ಮಾತಾಗಿರಲಿಲ್ಲ. ಇದು ಬಂದಿದೆ. ಅಯಾಶಿ, ಇದು ನಿನ್ನ ಹೊಲದ್ದು ತಾನೇ? ಹೌದು ಅಂದುಬಿಡು. ಚಳಿ ಆಗ್ತಾ ಇದೆ, ಎದ್ದು ಹೋಗೋಣ."

ಎಲ್ಲರೂ ಮುಫದ್ದಲ್‌ನನ್ನು ನೋಡಿದರು. ಅವನು ಚಾಪೆಯ ಹುಲ್ಲು ಕೀಳುತ್ತಿದ್ದ. ತಕರಾರು ಎತ್ತಲಿಲ್ಲ. ಅಯಾಶಿಯ ಒಂದು ಪದ ಸಾಕಿತ್ತು. ಬಾಯಿಯಿಂದ ಜೀವನವೆಲ್ಲ ಸಾವಿರ ಅನಗತ್ಯ ಪದ ಉದುರಿಸಿದವನಿಂದ ಬೇಕಾದದ್ದು ಒಂದೇ ಪದ.

ಅಯಾಶಿ ಕೊಂಬೆ ಎತ್ತಿಕೊಂಡ. ಮೂಗಿನ ಹತ್ತಿರ ತಂದ. ತಾನು ವರ್ಷವೆಲ್ಲ ಬೆಳೆದದ್ದರ ಒಣಗಿದ ವಾಸನೆಯನ್ನು ಅವನು ಆಗಲೇ ಮೊದಲು ನೋಡಿದ್ದು. ಬಹಳ ಹೊತ್ತು ಹಾಗೇ ಹಿಡಿದಿದ್ದ. ಹೌದು ಅನ್ನುತ್ತಾನೆ ಎಂದು ನನಗೆ ಅನ್ನಿಸಿತು. ಮಸೀದಿಯ ಗೋಡೆಗೆ ಒರಗಿ ನಿಂತ ನನಗೆ ಅನ್ನಿಸಿದ್ದು ಒಂದೂ ಈವರೆಗೆ ನಿಜವಾದದ್ದಿಲ್ಲ.

"ನಾನು ಬೆಳೆದದ್ದು ನನ್ನ ಮಾಳಿಗೆ ಮೇಲೆ ಕೊಳೀತಾ ಇದೆ," ಎಂದ. "ಇದು ಯಮ್ನಾದು. ಬೆಳೆ ಬಂತು ಅನ್ನೋದಾದರೆ ಅವಳಿಗೆ ಬಂತು. ಸರದಿ ಅವಳ ಹೆಸರಿಗೆ ಬರೀರಿ. ಶುಕ್ರವಾರ ಅವಳು ಬಂದು ಇಲ್ಲಿ ಕೂತ್ಕೊಳ್ಳಲಿ, ನಿಮ್ಮನ್ನೆಲ್ಲ ಬೈಲಿ. ನನಗಿಂತ ಚೆನ್ನಾಗಿ ಬೈತಾಳೆ. ಆಗ್ತದಾ?"

ಹೆಂಗಸಿನ ಹೆಸರಿಗೆ ಈ ಊರಿನಲ್ಲಿ ಎಂದೂ ನೀರು ಬರೆದದ್ದಿಲ್ಲ. ಹಾಜಿ ಜಪಮಣಿಯ ಒಂದು ಮಣಿಯನ್ನು ದಾಟಿಸಿ ಅಲ್ಲೇ ನಿಲ್ಲಿಸಿದರು. ಆ ಕೂಟದಲ್ಲಿ ಅಯಾಶಿ ಆಡಿದ ಕೊನೆಯ ಮಾತು ಅದು. ಕೊಂಬೆಯನ್ನು ಚಾಪೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಹೊರಗಿನ ಗೋಡೆಯ ಬಳಿ ನನ್ನ ಪಕ್ಕಕ್ಕೆ ಬಂದು ನಿಂತ.

ಒಣಗಿದ್ದು ತನ್ನ ಬೆಳೆಯಲ್ಲವೆಂದು ಅವನೇ ಹೇಳಿದ ಮೇಲೆ ಸರದಿ ಮುಫದ್ದಲ್‌ನದಾಯಿತು. ಸರದಿ ಸೋತವನೇ ಕಾಲುವೆ ತಿರುಗಿಸಬೇಕು, ಅದು ಪದ್ಧತಿ. ಎಲ್ಲರೂ ಚಿಲುಮೆಗೆ ಹತ್ತಿದರು. ಮಂಜು ಆಗ ತೆಳುವಾಗತೊಡಗಿತ್ತು, ನಾಚಿಕೆಯಿಲ್ಲದೆ. ಅಯಾಶಿ ಸಲಿಕೆ ಹಿಡಿದು ಕಾಲುವೆಗಿಳಿದ. ತಮ್ಮನ ಕಡೆಯ ಬಾಯಿ ಬಿಡಿಸಿದ, ತನ್ನ ಕಡೆಗೆ ಕಲ್ಲು ಇಟ್ಟ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಸೋತವರು ನಾಲ್ಕು ಸಲಿಕೆ ಮಣ್ಣು ಎಸೆದು ಎದ್ದು ಹೋಗುತ್ತಾರೆ, ಒಂದಿಷ್ಟು ಸೋರಲಿ ಎಂದು. ಊರೂ ಆ ಸೋರಿಕೆಯನ್ನು ಕಾಣದವರಂತೆ ಇದ್ದುಬಿಡುತ್ತದೆ. ಹಾಜಿ ಅಹ್ಮಿದು ಆಗಲೇ ಬೇರೆ ಕಡೆ ನೋಡತೊಡಗಿದ್ದರು. ಮುಫದ್ದಲ್ ಕೂಡ ಆಕಾಶ ನೋಡುತ್ತಿದ್ದ.

ಅಯಾಶಿ ಕಲ್ಲಿನ ಸಂದಿಗೆ ಹುಲ್ಲು ತುರುಕಿದ. ಹುಲ್ಲಿನ ಮೇಲೆ ಜೇಡಿಮಣ್ಣು ಮೆತ್ತಿದ. ಮೊಣಕಾಲೂರಿ ಅಂಗೈಯಲ್ಲಿ ಒತ್ತಿದ, ಎದ್ದು ನಿಂತು ಹಿಮ್ಮಡಿಯಲ್ಲಿ ತುಳಿದ, ಮತ್ತೆ ಬಗ್ಗಿ ಎಲ್ಲಾದರೂ ಒಸರುತ್ತಿದೆಯೇ ಎಂದು ಬೆರಳಿಟ್ಟು ನೋಡಿದ. ಒಂದು ಕಡೆ ಒಸರುತ್ತಿತ್ತು. ಅದನ್ನೂ ಮುಚ್ಚಿದ. ತನ್ನ ಹೊಲದ ಕಡೆಗೆ ಒಂದು ಹನಿಯೂ ಹೋಗದು ಎಂದು ಖಾತ್ರಿಯಾದ ಮೇಲೆ ಮೇಲಕ್ಕೆ ಬಂದು ಸಲಿಕೆಯ ಮಣ್ಣನ್ನು ಕಲ್ಲಿಗೆ ಉಜ್ಜಿ ತೆಗೆದ. ನೀರು ಕ್ಷಣ ಹೊತ್ತು ತಡೆದು ನಿಂತು, ಆಮೇಲೆ ಕೆಳಗಿನ ಹೊಲದ ಕಡೆ ಹೊರಳಿತು.